ತಾಳ್ಮೆಯಿಲ್ಲದ ತಾಯಿ

ಅವರ ತಿಥಿಯ ದಿನ ಮೊಳಕಾಲ್ಮೂರಿನ ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಊಟಕ್ಕೆ ಮುಂಚೆ ಮೂರು ನಾಲ್ಕು ಜನ ಎದ್ದು ನಿಂತು ಅವರ ಬಗ್ಗೆ ಒಳ್ಳೆಯ ಮಾತಾಡಿದರು. ಬೀದಿಯ ಹಿರಿಯರೊಬ್ಬರು, "ಎಂಥಾ ತಾಳ್ಮೆ ಆಯಮ್ಮಂದು! ಮಗ್ಗ ಆತು, ಮಗಳು ಆತು. ಒಂದು ದಿನ ದನಿ ಎತ್ತಿದೋಳಲ್ಲ" ಅಂದರು. ಕೂತವರೆಲ್ಲ ತಲೆಯಾಡಿಸಿದರು.

ಮೂಲೆಯಲ್ಲಿ ಅವರ ಮಗಳು ಕೂತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಬಾಯಿಮಾತು ಬರುವುದಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಸತ್ತಿದ್ದು ಅವಳ ತಾಯಿ. ಆದರೆ ಅಷ್ಟು ಜನರಲ್ಲಿ ಒಬ್ಬರೂ ಅವಳ ಕಡೆ ತಿರುಗಿ ಒಂದು ಸನ್ನೆ ಮಾಡಿರಲಿಲ್ಲ. ಅವಳು ನನ್ನನ್ನು ಹುಡುಕಿ, ಏನು ಹೇಳುತ್ತಿದ್ದಾರೆ ಎಂದು ಕೈಯಲ್ಲಿ ಕೇಳಿದಳು. ನಿಮ್ಮ ಅವ್ವನಿಗೆ ಭಾಳ ತಾಳ್ಮೆ ಇತ್ತಂತೆ ಎಂದು ನಾನು ಸನ್ನೆ ಮಾಡಿದೆ.

ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ತನ್ನ ನಗು ಎಷ್ಟು ದೂರ ಕೇಳುತ್ತದೆ ಎಂದು ಅವಳಿಗೆ ಅಂದಾಜಿಲ್ಲ. ಎಲ್ಲರೂ ತಿರುಗಿ ನೋಡಿದರು. "ಪಾಪ ಬಿಡ್ರಿ, ಅದಕ್ಕೇನು ತಿಳೀತೈತೆ" ಎಂದು ಯಾರೋ ಸಮಾಧಾನ ಹೇಳಿದರು. ಆ ಶಾಮಿಯಾನದ ಕೆಳಗೆ ತಿಳಿದಿದ್ದದ್ದು ಅವಳೊಬ್ಬಳಿಗೇ.

ಅವತ್ತು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಅವರಿಗೆ ತಾಳ್ಮೆ ಇರಲಿಲ್ಲ. ನಾನು ಕಂಡವರಲ್ಲೆಲ್ಲ ಅತಿ ಸಿಟ್ಟಿನ ಹೆಂಗಸು ಅವರು. ಆ ಸಿಟ್ಟನ್ನು ತೆಗೆದು ಪಕ್ಕಕ್ಕಿಟ್ಟು ಅವರಿಗೊಂದು ಹೂವಿನ ಹಾರ ಹಾಕಿದರೆ ಅದು ಅವರಿಗೆ ಮಾಡುವ ಅವಮಾನ. ಹೆಸರು ಬೇಡ, ಉಳಿದದ್ದೆಲ್ಲ ಬರೆಯಿರಿ ಎಂದು ಮಗಳು ಒಪ್ಪಿಗೆ ಕೊಟ್ಟಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಯಲ್ಲಿ ಒಂದು ಸಂಸ್ಥೆಯವರು ನಡೆಸುವ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಬೆಳಿಗ್ಗೆ ಅವರು ಮಗಳ ರಟ್ಟೆ ಹಿಡಿದುಕೊಂಡು ಒಳಗೆ ಬಂದರು. ಐವತ್ತರ ಆಸುಪಾಸು. ಒಣಗಿದ ಮೈ, ಎತ್ತಿ ಕಟ್ಟಿದ ಸೆರಗು, ರೇಷ್ಮೆ ಎಳೆ ಎಳೆದೂ ಎಳೆದೂ ಗೆರೆ ಬಿದ್ದ ಬೆರಳುಗಳು. ಮಗಳಿಗೆ ಇಪ್ಪತ್ನಾಲ್ಕು. ತಲೆ ಎತ್ತಲಿಲ್ಲ.

ಹದಿನೈದು ದಿನದ ಹಿಂದೆ ಮಗಳು ಸಾಯಲು ಹೋಗಿದ್ದಳು. ಪಕ್ಕದ ಮನೆಯವರು ನೋಡಿದ್ದರಿಂದ ಉಳಿದಳು. ಮೊದಲು ಊರಿನ ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟರು. ಆಮೇಲೆ ನೆಂಟರು ಒತ್ತಾಯ ಮಾಡಿ ಒಬ್ಬ ಪೂಜಾರಿಯ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ದೂರದ ಒಂದು ದೊಡ್ಡ ಆಸ್ಪತ್ರೆ. ಅಲ್ಲಿನ ಡಾಕ್ಟರು ಮಗಳನ್ನು ಒಮ್ಮೆಯೂ ನೋಡದೆ, ಎದುರಿಗಿದ್ದ ಕಾಗದ ನೋಡಿಕೊಂಡು ತಾಯಿಯನ್ನು ಕೇಳಿದರಂತೆ: "ಇವಳಿಗೆ ಕಿವೀಲಿ ಯಾರಾದ್ರೂ ಮಾತಾಡಿದ ಹಾಗೆ ಕೇಳಿಸುತ್ತಾ?"

"ನಾನೇನಂದೆ ಗೊತ್ತಾ?" ಅಂದರು ಅವರು ನನಗೆ. "ಸ್ವಾಮಿ, ಹಂಗೇನಾದ್ರೂ ಕೇಳಿಸಿದ್ರೆ ನಾನು ಊರಿಗೆಲ್ಲಾ ಸಕ್ಕರೆ ಹಂಚ್ತಿದ್ದೆ ಅಂದೆ. ಹೊರಗೆ ಹೋಗು ಅಂದ್ರು."

ನನಗೆ ನಗು ಬಂತು. ಅವರು ನಗಲಿಲ್ಲ. ನಾನು ಮಗಳ ಕಡೆ ನೋಡಿದೆ, ಫಾರಂ ನೋಡಿದೆ. ಆಮೇಲೆ ಈಗ ನೆನೆದರೂ ಮೈ ಉರಿಯುವಂಥ ಮಾತೊಂದನ್ನು ಆಡಿದೆ. "ಅಮ್ಮಾ, ಕೌನ್ಸೆಲಿಂಗ್ ಅಂದ್ರೇನೇ ಮಾತು. ಇವರಿಗೆ ಮಾತೇ ಬರಲ್ಲ ಅಂದ್ಮೇಲೆ ನಾವೇನು ಮಾಡೋಕಾಗುತ್ತೆ?"

ಅವರು ಮಗಳ ರಟ್ಟೆ ಬಿಟ್ಟರು. ಆಮೇಲೆ ತೆಲುಗಿನಲ್ಲಿ, "ಮಾಟ್ಲಾಡೇದಿ ನೋರೊಕ್ಕಟೇನಾ?" ಅಂದರು. ಮಾತಾಡುವುದು ಬಾಯಿ ಒಂದೇನಾ? ನನ್ನ ಕೈ ಹಿಡಿದು ಎಬ್ಬಿಸಿ, ಬಾಗಿಲಿನಿಂದಾಚೆ ನಡೆಸಿಕೊಂಡು ಹೋಗಿ, ನಮ್ಮದೇ ಬೋರ್ಡಿನ ಮುಂದೆ ನಿಲ್ಲಿಸಿದರು.

"ನನಗೆ ಓದಕ್ಕೆ ಬರಲ್ಲ. ಬಸ್‌ಸ್ಟ್ಯಾಂಡ್‌ನಾಗೆ ಒಬ್ಬರ ಕೈಲಿ ಓದಿಸಿದೆ. ಎಲ್ಲರಿಗೂ, ಎಲ್ಲ ಕುಟುಂಬಗಳಿಗೂ ಅಂತ ಬರೆದೈತಂತಲ್ಲ? ನನ್ನ ಮಗಳು ಎಲ್ಲರಾಗೆ ಇಲ್ಲೇನು? ಇಲ್ಲ ಅಂದ್ರೆ ಅದನ್ನ ಅಳಿಸು. ಈಗಲೇ ಅಳಿಸು, ನಾನು ಹೋಗ್ತೀನಿ."

ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ನಾನು ಒಳಗೆ ಬನ್ನಿ ಅಮ್ಮ ಎಂದು ಬೇಡಿಕೊಂಡೆ.

ಇದರಲ್ಲಿ ನನ್ನ ತಪ್ಪು ಬೇರೆಯವರಿಗಿಂತ ದೊಡ್ಡದು. ನಾನು ದೊಡ್ಡಉಳ್ಳಾರ್ತಿಯವಳು, ಕುರಿ ಕಾಯುವ ಮನೆಯವಳು. ನಮ್ಮ ದೊಡ್ಡಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಕೂಗಿದರೆ ಗಾಳಿಗೆ ಹಾರಿಹೋಗುವಷ್ಟು ದೂರದಲ್ಲಿ, ಕುರಿ ಮೇಯುವ ಕಾವಲಿನ ಆಚೆ ತುದಿಯಲ್ಲಿ ನಿಂತು ದೊಡ್ಡಪ್ಪ ಕೈಯಲ್ಲೇ ಅಪ್ಪನಿಗೆ ಬೈಯುತ್ತಿದ್ದ. ಅಪ್ಪನೂ ಕೈಯಲ್ಲೇ ವಾಪಸ್ ಬೈಯುತ್ತಿದ್ದ. ಕುಂಟುವ ಕುರಿ ಯಾವುದು, ತೋಳ ಎಲ್ಲಿ ಬಂದಿತ್ತು, ಯಾರ ಮಗಳಿಗೆ ಯಾರನ್ನು ನೋಡಿದ್ದಾರೆ, ಎಲ್ಲವನ್ನೂ ದೊಡ್ಡಪ್ಪ ನಮಗೆ ಹೇಳುತ್ತಿದ್ದ. ಹತ್ತು ವರ್ಷದವಳಿದ್ದಾಗ ನನಗೆ ಗೊತ್ತಿದ್ದದ್ದು ಎಂ.ಎಸ್.ಡಬ್ಲ್ಯೂ ಮುಗಿಸುವ ಹೊತ್ತಿಗೆ ಮರೆತುಹೋಗಿತ್ತು. ಡಿಗ್ರಿ ಕೊಟ್ಟವರು ನನಗೆ ಕುರ್ಚಿಯಲ್ಲಿ ಕೂತು ಮಾತಾಡಿಸುವುದನ್ನು ಮಾತ್ರ ಕಲಿಸಿದ್ದರು. ನಾನೂ ಅಷ್ಟೇ ಸಾಕು ಅಂದುಕೊಂಡಿದ್ದೆ.

ಮುಂದಿನ ಕೆಲವು ವಾರ ಅವರು ಪ್ರತಿ ಗುರುವಾರ ಮಗಳನ್ನು ಕರೆತಂದರು. ಮಗಳು ಕೈಯಲ್ಲಿ ಹೇಳುವುದನ್ನು ತಾಯಿ ಕನ್ನಡಕ್ಕೆ ತಿರುಗಿಸಬೇಕು ಎಂದು ಏರ್ಪಾಡಾಯಿತು. ಒಳ್ಳೆಯ ದಾರಿ ಎಂದು ನಾನು ಬೀಗಿದೆ. ಕೇಂದ್ರದ ಡಾಕ್ಟರು ಮಾತ್ರೆ ಬದಲಾಯಿಸಿದರು; ಮಗಳು ಸ್ವಲ್ಪ ಊಟ ಮಾಡತೊಡಗಿದಳು. ಆದರೆ ಒಂದು ವಿಷಯ ನನಗೆ ತಡವಾಗಿ ಕಣ್ಣಿಗೆ ಬಿತ್ತು. ಮಗಳು ಎರಡು ನಿಮಿಷ ಬಿಡದೆ ಕೈಯಾಡಿಸುತ್ತಿದ್ದಳು. ತಾಯಿ, "ಬೇಜಾರಂತೆ" ಅನ್ನುತ್ತಿದ್ದರು. ಮತ್ತೆ ಎರಡು ನಿಮಿಷ. "ನಿದ್ದೆ ಬರಲ್ಲಂತೆ."

ಒಂದು ಗುರುವಾರ ಮಗಳು ಎರಡು ತೋಳು ಸೇರಿಸಿ ತೂಗುವ ಹಾಗೆ ಮಾಡಿದಳು. ದೊಡ್ಡಪ್ಪ ಆಗತಾನೆ ಹುಟ್ಟಿದ ಮರಿಗೆ ಅದೇ ಸನ್ನೆ ಮಾಡುತ್ತಿದ್ದ. "ಮಗು?" ಎಂದು ಕೇಳಿದೆ.

"ಅದೇನಿಲ್ಲ ಬಿಡಮ್ಮ," ಅಂದರು ತಾಯಿ, ಕಿಟಕಿಯ ಕಡೆ ತಿರುಗಿ.

ಮಗಳು ಎದ್ದು ಮೇಜನ್ನು ಎರಡೂ ಕೈಯಿಂದ ಬಡಿದು ಹೊರಗೆ ಹೋದಳು.

ಮಗಳ ಮಾತನ್ನು ಬೇರೆಯವರು ಹೇಳಬೇಕು, ನೀವು ಹೊರಗಿರಬೇಕು ಎಂದು ನಾನು ಅವರಿಗೆ ಹೇಳಿದಾಗ ಆದ ಜಗಳ ಇಡೀ ಕಟ್ಟಡಕ್ಕೆ ಕೇಳಿಸಿತು. "ನನ್ನ ಮಗಳ ಕೈ ನನಗಿಂತ ಯಾರಿಗೆ ತಿಳೀತೈತೆ? ಹೊಟ್ಟೇಲಿ ಹೊತ್ತಿದ್ದು ನೀನಾ?" ಎಂದು ಕೂಗಿದರು. ಅವರ ಸಿಟ್ಟಿಗೆ ಮೂರು ಹಂತಗಳಿದ್ದವು. ಸಾಧಾರಣ ಸಿಟ್ಟು ಕನ್ನಡದಲ್ಲಿ ಬರುತ್ತಿತ್ತು. ಏರಿದರೆ ತೆಲುಗು. ಅದನ್ನೂ ಮೀರಿದರೆ ಬಾಯಿ ಮುಚ್ಚಿಕೊಂಡು ಕೈಯಲ್ಲಿ ಬೈಯುತ್ತಿದ್ದರು, ಅಂಗೈ ಮೇಲೆ ಅಂಗೈ ಹೊಡೆದು. ಆ ದಿನ ಮೂರೂ ಆಯಿತು.

ನಾನು ಸಂಸ್ಥೆಯ ಮುಖ್ಯ ಕಚೇರಿಗೆ ಫೋನ್ ಮಾಡಿ, ಸನ್ನೆ ಭಾಷೆ ಬಲ್ಲ ದುಭಾಷಿ ಒಬ್ಬರು ಬೇಕು ಅಂದೆ. ಆ ಕಡೆಯ ಅಧಿಕಾರಿ, "ಒಬ್ಬ ಪೇಷಂಟಿಗೋಸ್ಕರನಾ? ಅಂಥವರು ನಿಮ್ಮಲ್ಲಿ ಬೇರೆ ಯಾರೂ ಬಂದೇ ಇಲ್ಲವಲ್ಲ" ಅಂದರು. ಫೋನ್ ಸ್ಪೀಕರಿನಲ್ಲಿತ್ತು. ಎದುರಿಗಿದ್ದ ತಾಯಿ ಮುಂದೆ ಬಾಗಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಬಾಗಿಲು ಹಾಕ್ಕೊಂಡು ಒಳಗೆ ಕೂತು, ಯಾರೂ ಬರ್ತಿಲ್ಲ ಅಂತೀರಲ್ಲ ಸ್ವಾಮಿ, ನಿಮಗೆ ನಾಚಿಕೆ ಆಗಲ್ವಾ?"

ಫೋನ್ ಕಟ್ಟಾಯಿತು. ಅದಕ್ಕಾಗಿ ನನಗೊಂದು ನೋಟಿಸ್ ಬಂತು. ದುಭಾಷಿ ಬರಲಿಲ್ಲ.

ಮುಂದಿನ ಗುರುವಾರ ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು, ಜೊತೆಗೆ ಬಿಳಿ ಕೂದಲಿನ ಹೆಂಗಸೊಬ್ಬರನ್ನು ಕರೆದುಕೊಂಡು. ಮಗಳು ಚಿಕ್ಕವಳಿದ್ದಾಗ ಐದು ವರ್ಷ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದ್ದಳು. ಅಲ್ಲಿ ಕಲಿಸುತ್ತಿದ್ದ, ಈಗ ನಿವೃತ್ತರಾದ ಟೀಚರು ಅವರು. ಅವರ ಮನೆಯನ್ನು ಇವರು ಹೇಗೆ ಹುಡುಕಿದರು? ಓದಲು ಬಾರದ ಹೆಂಗಸು, ಶಾಲೆಗೆ ಹೋಗಿ, ಗೇಟಿನ ಹತ್ತಿರ ಕೂತು, ಕಂಡವರನ್ನೆಲ್ಲ ಕೇಳಿ, ಮೂರು ದಿನ ಮಗ್ಗ ನಿಲ್ಲಿಸಿ ಹುಡುಕಿದ್ದರು.

"ತಗೋ," ಅಂದರು ನನಗೆ. "ನಾನು ಹೊರಗೆ ಕೂತ್ಕೊಂತೀನಿ. ನನ್ನ ಬೈಯೋದಿದ್ರೂ ಬೈಲಿ." ಟೀ ತರಿಸಲಾ ಎಂದು ಕೇಳಿದೆ. "ಟೀ ಕುಡಿಯಕ್ಕೆ ಬಂದಿಲ್ಲ" ಎಂದು ಹೋಗಿ ಮೆಟ್ಟಿಲ ಮೇಲೆ ಕೂತರು.

ಒಳಗೆ ಮಗಳು ಒಂದು ತಾಸು ಮಾತಾಡಿದಳು. ಟೀಚರು ಒಂದೊಂದನ್ನೇ ದನಿಗೆ ತಂದರು. ಅವಳಿಗೊಂದು ಹೆಣ್ಣು ಮಗು ಇತ್ತು. ಮೊಳಕಾಲ್ಮೂರು ಕಡೆಯದೇ ಆದ ಸಿದ್ದಾಪುರದ ಹತ್ತಿರದ ಹಳ್ಳಿಯೊಂದಕ್ಕೆ ಅವಳನ್ನು ಕೊಟ್ಟಿದ್ದರು. ತವರಿನಲ್ಲಿ ಬಾಣಂತನ ಮುಗಿದು ಮಗುವಿಗೆ ಆರು ತಿಂಗಳಾದಾಗ ಅತ್ತೆ ಬಂದು, ಕೂಸು ಅತ್ತರೆ ಕೇಳಿಸದವಳ ಹತ್ತಿರ ಮಗು ಬಿಡುವುದು ಹೇಗೆ, ಇವಳ ಜೊತೆ ಬೆಳೆದರೆ ಅದಕ್ಕೂ ಮಾತು ಬರುವುದಿಲ್ಲ ಅಂದರು. ಗಂಡ ಹೂಂ ಅಂದ. ಮಗುವನ್ನು ಅವಳ ಮಡಿಲಿನಿಂದ ಎತ್ತಿ ಅತ್ತೆಯ ಕೈಗೆ ಕೊಟ್ಟದ್ದು ಅವಳ ಅವ್ವ. ಅದಾಗಿ ಒಂಬತ್ತು ತಿಂಗಳು. ಅವಳು ಆ ಮಾತೆತ್ತಿದಾಗಲೆಲ್ಲ ಅವ್ವ ಮುಖ ಆಚೆ ತಿರುಗಿಸುತ್ತಿದ್ದರು. ಕೈಯಲ್ಲಿ ಮಾತಾಡುವವಳ ಎದುರು ಮುಖ ತಿರುಗಿಸಿದರೆ ಮುಗಿಯಿತು, ಅವಳಿಗೆ ಕೂಗಿ ಕರೆಯಲೂ ಆಗುವುದಿಲ್ಲ.

ಇವಳ ದುಃಖವನ್ನು ನನಗೆ ತಿಳಿಸಲು ಅದೇ ಅವ್ವನನ್ನು ಇಷ್ಟು ವಾರ ಪಕ್ಕದಲ್ಲಿ ಕೂರಿಸಿದ್ದೆನಲ್ಲ! ಅದನ್ನು ಸೇವೆ ಅಂದುಕೊಂಡಿದ್ದೆ.

ನಿಮ್ಮ ಅವ್ವನಿಗೆ ಇದನ್ನು ಹೇಳಬೇಕೋ ಬೇಡವೋ ನೀವೇ ಹೇಳಿ ಎಂದು ಕೇಳಿದೆ. ಕರೆಯಿರಿ, ನಾನೇ ಹೇಳುತ್ತೇನೆ, ಅಂದಳು. ಅವರು ಒಳಗೆ ಬಂದು ಕೂತರು. ಮಗಳು ಮೊದಲಿನಿಂದ ಶುರು ಮಾಡಿದಳು. ನಡುವೆ ಒಮ್ಮೆ ಅವರ ಕತ್ತು ಕಿಟಕಿಯ ಕಡೆ ಹೊರಳಿತು. "ನೋಡಿ ಅಮ್ಮ," ಅಂದೆ. ಅವರು ಕತ್ತನ್ನು ವಾಪಸ್ ತಂದು ಕೊನೆಯವರೆಗೂ ನೋಡಿದರು.

"ಹೌದು, ಕೊಟ್ಟೆ," ಅಂದರು. ಮಗಳಿಗೂ ಕೈಯಲ್ಲಿ ಅದನ್ನೇ ಹೇಳಿದರು. "ಇವಳು ಮೂರು ವರ್ಷದೋಳು ಇದ್ದಾಗ ಕುದಿಯೋ ನೀರಿನ ಕಡೆಗೆ ಹೋಗ್ತಿದ್ಲು. ನಾನು ಹಿಂದಿನಿಂದ ಕೂಗ್ದೆ, ಕೂಗ್ದೆ. ಇವಳು ತಿರುಗ್ಲಿಲ್ಲ. ಆ ಹೆದರಿಕೆ ನನ್ನ ಹೊಟ್ಟೇಲಿ ಇನ್ನೂ ಐತೆ. ಅವರು ಬಂದು ಕೇಳಿದಾಗ ಅದೇ ಎದ್ದು ಬಂತು, ಎತ್ತಿ ಕೊಟ್ಬಿಟ್ಟೆ." ಅಳಲಿಲ್ಲ. ಎದ್ದು ಸೆರಗು ಸಿಕ್ಕಿಸಿಕೊಂಡು, "ನಡಿ, ಹೋಗಿ ತರಾನ," ಅಂದರು.

ಯಾರು, ನಾನಾ? ಅದು ನನ್ನ ಕೆಲಸಕ್ಕೆ ಬರುವುದಿಲ್ಲ ಎಂದು ವಿವರಿಸಲು ಹೋದೆ. "ನಿನ್ನ ಕೆಲಸ ಎಲ್ಲಿಗೆ ಮುಗೀತೈತೆ? ಗೆರೆ ತೋರಿಸು," ಅಂದರು. ಗೆರೆ ನನಗೂ ಗೊತ್ತಿರಲಿಲ್ಲ. ಮರುದಿನ ರಜೆ ಹಾಕಿ ಹೋದೆ.

ಬಂಡೆಗುಡ್ಡದ ಮಗ್ಗುಲಲ್ಲಿ ಆ ಮನೆ. ಅಳಿಯ ಬಾಗಿಲಲ್ಲೇ ನಿಂತಿದ್ದ. ಮಾತೆಲ್ಲ ಬೀಗತಿಯದು. "ನೀವೇ ನಿಮ್ಮ ಕೈಯಾರೆ ಕೊಟ್ಟು ಈಗ ನೀವೇ ಬಂದ್ರಾ? ಕೂಸು ಅತ್ರೆ ಕೇಳಿಸ್ತೈತಾ ಇವಳಿಗೆ?" ಇವರು, "ಕೊಟ್ಟಿದ್ದು ತಪ್ಪು. ತಪ್ಪು ನಂದು. ಮಗು ಇವಳದು" ಅಂದರು. ಅಲ್ಲಿಂದ ಶುರುವಾಯಿತು. ಇಬ್ಬರ ದನಿಯೂ ಏರಿತು, ಅಕ್ಕಪಕ್ಕದವರು ಬಂದು ಸೇರಿದರು, ನಾನೂ ಕಾನೂನು ಅದು ಇದು ಎಂದು ಕೂಗುತ್ತಿದ್ದೆ. ಆ ಗದ್ದಲದಲ್ಲಿ, ಜಗಲಿಯಲ್ಲಿ ಕೂತಿದ್ದ ಮಗಳು ತಟ್ಟನೆ ಎದ್ದು ನಮ್ಮೆಲ್ಲರ ನಡುವೆ ನುಗ್ಗಿ ಒಳಗೆ ಓಡಿದಳು. ಹಿಂದೆಯೇ ಹೋದೆವು. ನಡುಮನೆಯ ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಗು ಎದ್ದು, ಒಂದು ಕಾಲು ಆಚೆ ಹಾಕಿ, ಮುಖ ಕೆಂಪಾಗುವಷ್ಟು ಅಳುತ್ತಿತ್ತು. ಕಿವಿ ಇದ್ದ ನಮಗ್ಯಾರಿಗೂ ಅದು ಕೇಳಿಸಿರಲಿಲ್ಲ. ಬಂದ ಗಳಿಗೆಯಿಂದ ಅವಳು ಬಾಗಿಲೊಳಗೆ ಕಾಣುತ್ತಿದ್ದ ಜೋಳಿಗೆಯ ಹಗ್ಗದಿಂದ ಕಣ್ಣು ತೆಗೆದಿರಲಿಲ್ಲ. ಹಗ್ಗ ಅಲುಗಿದ್ದನ್ನು ನೋಡಿದ್ದಳು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಆದರೆ ಮಗು ತಾಯಿಯ ಗುರುತು ಮರೆತಿತ್ತು. ಅವಳ ಎದೆಯನ್ನು ಎರಡೂ ಕೈಯಿಂದ ತಳ್ಳಿ ಆ ಮನೆಯ ಅಜ್ಜಿಯ ಕಡೆ ಕೈ ಚಾಚಿತು. ಅವಳ ಮುಖವನ್ನು ನಾನು ನೋಡಲಾರದೆ ನೆಲ ನೋಡಿದೆ. ಅವ್ವ ನೋಡಿದರು. ಆ ದಿನ ಬರಿಗೈಲಿ ಬಂದೆವು. ಆಮೇಲೆ ಇನ್ನೂ ಮೂರು ಸಲ ಹೋಗಬೇಕಾಯಿತು, ಊರ ಹಿರಿಯರನ್ನು ಕೂರಿಸಬೇಕಾಯಿತು, ವಕೀಲರೊಬ್ಬರಿಂದ ಕಾಗದ ಬರೆಸಬೇಕಾಯಿತು. ಕೊನೆಗೆ ಮಗು ಮೊಳಕಾಲ್ಮೂರಿಗೆ ಬಂತು. ಅಳಿಯ ಕೆಲವು ತಿಂಗಳು ಬಂದು ಹೋಗಿ ಮಾಡಿದ, ಆಮೇಲೆ ಬರುವುದನ್ನು ನಿಲ್ಲಿಸಿದ. ಮಗಳು ಒಂದು ವರ್ಷ ಮಾತ್ರೆ ತಗೊಂಡಳು. ನಡುವೆ ಎರಡು ಸಲ ಮತ್ತೆ ಕುಸಿದಳು, ಮತ್ತೆ ಎದ್ದಳು. ಟೀಚರು ಆದಾಗಲೆಲ್ಲ ಬಂದರು. ಮಗುವಿಗೆ ಈಗ ಐದು ವರ್ಷ. ಮಾತು ಬರುವುದಿಲ್ಲ ಅಂದಿದ್ದರಲ್ಲ, ಅದು ಬೀದಿಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ, ಮನೆಯಲ್ಲಿ ಕೈ, ಮೂರರಲ್ಲೂ ತಲೆ ತಿನ್ನುತ್ತದೆ.

ಅವರು ಮಾತ್ರ ಗುರುವಾರ ಬರುವುದನ್ನು ನಿಲ್ಲಿಸಲಿಲ್ಲ. ಬರುವಾಗ ಯಾರನ್ನಾದರೂ ಕರೆತರುತ್ತಿದ್ದರು. ಕಾವಲಿನ ಕಡೆಯ ಒಬ್ಬ ಕುರಿಗಾಹಿ, ಗಂಡ ಸತ್ತ ಮೇಲೆ ಮಾತೇ ನಿಲ್ಲಿಸಿದ್ದ ಸೊಸೆಯನ್ನು ಕರೆದುಕೊಂಡು ಬಾಗಿಲ ಹೊರಗೇ ನಿಂತಿದ್ದ. ನಮ್ಮಂಥವರು ಒಳಗೆ ಬರಬಹುದಾ ಎಂದು ಅನುಮಾನ. "ಬಾ, ಇದು ಇವರಪ್ಪನ ಮನೆಯಲ್ಲ" ಎಂದು ಅವನನ್ನು ಎಳೆದುಕೊಂಡು ಬಂದು ನನ್ನ ಎದುರು ಕೂರಿಸಿದರು. ತೆಲುಗು ಮಾತ್ರ ಬರುವ ಅಜ್ಜಿಯೊಬ್ಬರಿಗೆ ನಾವು ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರ ಕೊಡದಿದ್ದಕ್ಕೆ ಬುದ್ಧಿ ಮಂದ ಎಂದು ಬರೆದುಕೊಂಡಿದ್ದನ್ನು ಅವರೇ ಯಾರ ಕೈಲೋ ಓದಿಸಿ ಪತ್ತೆ ಹಚ್ಚಿದರು. ಆ ಫಾರಂ ನನ್ನ ಕಣ್ಣೆದುರೇ ಹರಿದು ಹಾಕಿದರು. ಇನ್ನೊಂದು ನೋಟಿಸ್ ಬಂತು.

ಒಂದು ವರ್ಷ ವಾರ್ಷಿಕ ಸಮಾರಂಭದಲ್ಲಿ ಅವರಿಗೆ ಆದರ್ಶ ತಾಯಿ ಎಂದು ಸನ್ಮಾನ ಮಾಡಲು ಸಂಸ್ಥೆಯವರು ಕರೆದರು. ಅವರು ವೇದಿಕೆ ಹತ್ತಿದರು. ಶಾಲು ಹಿಡಿದು ಬಂದ ಮುಖ್ಯಸ್ಥರನ್ನು, "ಕೈ ಮಾತು ತಿಳಿಯೋರನ್ನ ಕೆಲಸಕ್ಕೆ ತಗೊಂಡ್ರಾ?" ಎಂದು ಕೇಳಿದರು. ಪರಿಶೀಲನೆಯಲ್ಲಿದೆ ಅಮ್ಮ, ಅಂದರು ಅವರು. "ಹಂಗಾದ್ರೆ ಇದು ನಿಮ್ಮ ಹತ್ರನೇ ಇರ್ಲಿ. ನೇಯೋರ ಮನೆಗೆ ಬಟ್ಟೆ ಕೊಡ್ತೀರಾ?" ಎಂದು ಇಳಿದು ಬಂದರು. ಕೂತವರು ತಮಾಷೆ ಅಂದುಕೊಂಡು ಚಪ್ಪಾಳೆ ಹೊಡೆದರು.

ಆ ಪರಿಶೀಲನೆ ಇನ್ನೂ ನಡೆಯುತ್ತಿದೆ. ಸಂಸ್ಥೆಯ ಹೊಸ ಕರಪತ್ರದಲ್ಲಿ ಸನ್ನೆ ಮಾಡುವ ಎರಡು ಕೈಗಳ ಚೆಂದದ ಫೋಟೋ ಇದೆ, ಯಾರನ್ನೂ ಬಿಡದ ಸೇವೆ ಎಂದು ಬರೆದಿದೆ. ಕೈ ಯಾರದೋ ಗೊತ್ತಿಲ್ಲ. ನಾನು ಟೀಚರ ಮನೆಗೆ ಭಾನುವಾರ ಹೋಗಿ ಕಲಿತಿದ್ದೇನೆ; ಇನ್ನೂ ತಪ್ಪು ತಪ್ಪಾಗಿ ಮಾಡುತ್ತೇನೆ. ಮನಸ್ಸು ಮುರಿದು ಬಂದವರಿಗೆ ನನ್ನ ಅರೆಬರೆ ಕೈ ಸಾಲದು ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇನೆ. ಇತ್ತೀಚೆಗೆ ಕೂಗಿ ಹೇಳುತ್ತೇನೆ.

ಅವರು ಹೋದದ್ದು ಮಗ್ಗದ ಮುಂದೆ, ಮಧ್ಯಾಹ್ನ, ಎದೆ ನೋವು ಅಂದ ಒಂದು ಗಳಿಗೆಯಲ್ಲಿ.

ತಿಥಿ ಕಳೆದು ಮೂರು ವಾರದ ಮೇಲೆ ಮಗಳು ಒಬ್ಬಳೇ ಬಸ್ಸು ಹತ್ತಿ ಚಳ್ಳಕೆರೆಗೆ ಬಂದಳು. ಟೀಚರಿಗೆ ಫೋನ್ ಮಾಡಲಾ ಎಂದು ಕೇಳಿದೆ. ಬೇಡ, ಇವತ್ತು ನೀವೇ ಸಾಕು, ನಿಧಾನವಾಗಿ ಹೇಳುತ್ತೇನೆ, ಅಂದಳು. ಆಮೇಲೆ ಅವಳ ಕೈಗಳು ಹೇಳಿದ್ದು ಇಷ್ಟು: ಎಲ್ಲರೂ ಅವ್ವನನ್ನು ಹೊಗಳುತ್ತಾರೆ. ನನಗೆ ಅವಳ ಮೇಲೆ ಸಿಟ್ಟಿದೆ. ನನ್ನ ಮಗು ಮೊದಲ ಹೆಜ್ಜೆ ಇಟ್ಟದ್ದು ಆ ಮನೆಯಲ್ಲಿ, ನಾನು ನೋಡಲಿಲ್ಲ. ಮಗುವನ್ನು ತಂದುಕೊಟ್ಟಳು, ಆ ಒಂಬತ್ತು ತಿಂಗಳನ್ನು ತಂದುಕೊಡಲಿಲ್ಲ. ಇದನ್ನು ಅವಳಿಗೆ ಪೂರ್ತಿ ಹೇಳಿ ಮುಗಿಸುವ ಮುಂಚೆ ಸತ್ತುಹೋದಳು. ಈಗ ಯಾರ ಹತ್ತಿರ ಜಗಳ ಆಡಲಿ?

ಅವ್ವ ನಿನಗಾಗಿ ಎಷ್ಟೆಲ್ಲ ಮಾಡಿದರು, ಕ್ಷಮಿಸಿಬಿಡು, ಎಂಬ ಮಾತು ನನ್ನ ಬೆರಳ ತುದಿಗೆ ಬಂದಿತ್ತು. ಅದನ್ನು ಅಲ್ಲೇ ತಡೆದೆ. ಬಾಗಿಲು ಮುಂದೆ ಮಾಡಿ, ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡು, ನನ್ನ ಹತ್ತಿರ ಆಡು, ಅಂದೆ. ಅವಳು ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು, ಅಂಗೈ ಮೇಲೆ ಅಂಗೈ ಹೊಡೆದು ಶುರು ಮಾಡಿದಳು.